ನಡಿಗೆ, ಜಿಮ್, ಸೈಕಲ್: ಹೊಲಿಗೆ ಮಷೀನಿನ ಮುಂದೆ ಕೂರುವವನಿಗೆ ದಕ್ಕಿದ್ದು ಯಾವುದು?

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ದಿನ ಹೇಗಿರುತ್ತೆ ಅಂತ ಮೊದಲು ಹೇಳ್ತೀನಿ, ಇಲ್ಲದಿದ್ದರೆ ಈ ಹೋಲಿಕೆ ಅರ್ಥ ಆಗಲ್ಲ. ಬೆಳಿಗ್ಗೆ 9ಕ್ಕೆ ಕೂತರೆ ರಾತ್ರಿ 8. ಪೀಸ್ ಲೆಕ್ಕದ ಕೂಲಿ. ಎದ್ದು ಓಡಾಡಿದಷ್ಟೂ ಪ್ಯಾಂಟ್ ಕಮ್ಮಿ. ತುಳಿಯೋ ಮಷೀನ್ ಇದ್ದಾಗ ಕಾಲಾದರೂ ಆಡುತ್ತಿತ್ತು. ಮೋಟಾರ್ ಬಂದಮೇಲೆ ಪಾದದ ತುದಿ ಒತ್ತಿದರೆ ಸಾಕು. ಮೀನಖಂಡ ಬಿಗಿದು ಸಡಿಲಾಗುತ್ತಿದ್ದರೆ ಕಾಲಿನ ರಕ್ತ ಸಲೀಸಾಗಿ ಮೇಲೆ ಹೋಗುತ್ತೆ, ಅದು ನಿಂತರೆ ಸಂಜೆಗೆ ಪಾದ ಊದುತ್ತೆ. 38ಕ್ಕೇ ನನಗೆ ಪಾದದ ಊತವೂ ಬಂತು, ಸೊಂಟನೋವೂ ಬಂತು.

ಕಳೆದ ವರ್ಷ ಜೂನ್‌ನಿಂದ ಈ ಮೇವರೆಗೆ ಒಂದಾದಮೇಲೆ ಒಂದು ಮೂರು ದಾರಿ ನೋಡಿದೆ. ಮಾಡಿದ ದಿನಕ್ಕೆ ಗೋಡೆ ಕ್ಯಾಲೆಂಡರ್‌ನಲ್ಲಿ ಗೀಟು ಹಾಕಿದೆ. ಇನ್ನೊಂದು ಅಳತೆಗೋಲು ನಮ್ಮೂರ ಕೋಟೆ ಗುಡ್ಡ. ಮಗಳ ಜೊತೆ ಹತ್ತುವಾಗ ಎಷ್ಟು ಕಡೆ ಉಸಿರಿಗಾಗಿ ನಿಂತೆ ಅಂತ ಎಣಿಸಿದೆ. ಶುರುವಿಗೆ ಮುಂಚೆ 6 ಕಡೆ.

ನಡಿಗೆ, ಜೂನ್‌ನಿಂದ ಆಗಸ್ಟ್. ಬೆಳಿಗ್ಗೆ ಐದೂವರೆಗೆ ಕಾಲೇಜು ಮೈದಾನದಲ್ಲಿ 40 ನಿಮಿಷ. ಖರ್ಚಿಲ್ಲ, ಪಾದದ ಊತ ಮೂರನೇ ವಾರಕ್ಕೇ ಇಳೀತು. ಆದರೆ 92 ದಿನದಲ್ಲಿ ನನ್ನ ಗೀಟು 41. ಕೆಲಸ ಹೆಚ್ಚಿದ್ದ ದಿನ ರಾತ್ರಿ ಹನ್ನೊಂದರವರೆಗೆ ಹೊಲಿದವನು ಐದಕ್ಕೆ ಏಳೋದು ಹೇಗೆ? ಸೊಂಟನೋವು ಮಾತ್ರ ಕಮ್ಮಿ ಆಗಲಿಲ್ಲ. ಗುಡ್ಡದಲ್ಲಿ 4 ಕಡೆ ನಿಂತೆ. ಅಂದಹಾಗೆ, ಮೈದಾನದಲ್ಲಿ ಎಲ್ಲರೂ ಹೇಳುತ್ತಿದ್ದ 10,000 ಹೆಜ್ಜೆ ವೈದ್ಯರ ಸಂಶೋಧನೆಯಿಂದ ಹುಟ್ಟಿದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಯಂತ್ರದ ಹೆಸರಿನಿಂದ ಬಂದದ್ದು. ಅಷ್ಟು ಆಗಲಿಲ್ಲ ಅಂತ ಯಾರೂ ಎದೆಗುಂದಬೇಕಿಲ್ಲ.

ಜಿಮ್, ಸೆಪ್ಟೆಂಬರ್‌ನಿಂದ ಡಿಸೆಂಬರ್. ತಿಂಗಳಿಗೆ 800 ರೂಪಾಯಿ. ನಿಜ ಹೇಳಬೇಕಂದರೆ ಮೈಗೆ ಅತಿ ಹೆಚ್ಚು ಕೊಟ್ಟಿದ್ದು ಇದೇ. ತೂಕ ಹೊತ್ತು ಕೂತೇಳೋದು, ಬಾಗಿ ನಿಂತು ತೂಕವನ್ನ ಹೊಟ್ಟೆಯತ್ತ ಎಳೆಯೋದು, ಈ ಎರಡನ್ನೇ ಅಲ್ಲಿನ ಹುಡುಗ ತಾಳ್ಮೆಯಿಂದ ಕಲಿಸಿದ. ದಿನವಿಡೀ ಮುಂದಕ್ಕೆ ಬಾಗಿರೋ ಬೆನ್ನಿಗೆ ಹಿಂದಕ್ಕೆ ಎಳೆಯೋ ಕೆಲಸ ಬೇಕಿತ್ತು. ಆರು ವಾರಕ್ಕೆ ಸೊಂಟನೋವು ಅರ್ಧಕ್ಕರ್ಧ ಹೋಯ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮದ ಜೊತೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡೋ ಕೆಲಸ ಇರಲಿ ಅಂತಿದೆ. ನಡೆಯೋರು ಇದನ್ನ ಮರೀತಾರೆ, ನಾನೂ ಮರೆತಿದ್ದೆ.

ಮುರಿದದ್ದು ಎಲ್ಲಿ ಅಂದರೆ ದಸರಾ-ದೀಪಾವಳಿ ಆರ್ಡರ್‌ನಲ್ಲಿ. ನಾನು ಮಷೀನಿಂದ ಏಳೋ ಹೊತ್ತಿಗೆ ಜಿಮ್ ಷಟರ್ ಇಳಿದಿರುತ್ತಿತ್ತು. ಅಕ್ಟೋಬರ್‌ನಲ್ಲಿ ಹೋದದ್ದು 9 ದಿನ, ಕಟ್ಟಿದ್ದು ಪೂರ್ತಿ ದುಡ್ಡು. ಅದು ಮನಸ್ಸಿಗೆ ಬಹಳ ಹತ್ತಿತು. ನಾಲ್ಕು ತಿಂಗಳಿಗೆ 57 ಗೀಟು. ಗುಡ್ಡದಲ್ಲಿ ತೊಡೆ ನೋಯಲಿಲ್ಲ, ಆದರೆ ಉಸಿರಿಗೆ 3 ಕಡೆ ನಿಂತೆ.

ಆಗ ನಮ್ಮ ಯೂನಿಟ್ಟಿನ ಕಟಿಂಗ್ ಚಾಚಾ ಒಂದು ಮಾತು ಹೇಳಿದರು. ವಯಸ್ಸಲ್ಲಿ ಕೌಲ್ ಬಜಾರಿನಲ್ಲಿ ತಾಲೀಮು ಮಾಡಿದವರು. "ಬೇಟಾ, ಕಬ್ಬಿಣ ಸಿಗಲಿಲ್ಲ ಅಂತ ಯಾಕ ಕುಂದರ್ತಿ? ನಿನ್ನ ಮೈಗೆ ಭಾರ ಇಲ್ಲೇನು, ಅದನ್ನ ಎತ್ತು." ಅಲ್ಲೇ ಬಟ್ಟೆ ರಾಶಿ ಪಕ್ಕದಲ್ಲಿ ದಂಡ (ನೆಲಕ್ಕೆ ಕೈಯೂರಿ ಮೈ ತಗ್ಗಿಸಿ ಏಳೋದು), ಬೈಠಕ್ (ಬರಿಗೈಲಿ ಕೂತೇಳೋದು) ತೋರಿಸಿದರು. ಆ ವಯಸ್ಸಿನಲ್ಲಿ ಅವರ ಮೊಣಕಾಲು ಮಡಿಚಿದ್ದು ನೋಡಿ ನನಗೆ ಮಾತು ಬರಲಿಲ್ಲ.

ಜನವರಿಗೆ 2,500 ರೂಪಾಯಿ ಕೊಟ್ಟು ಹಳೇ ಸೈಕಲ್ ತಂದೆ. ಮನೆಯಿಂದ ಯೂನಿಟ್ಟಿಗೆ ನಾಲ್ಕೂವರೆ ಕಿಲೋಮೀಟರ್, ಹೋಗೋಕೆ 18 ನಿಮಿಷ, ಬರೋಕೆ 18. ವಾರಕ್ಕೆ ಆರು ದಿನ ಅಂದರೆ 216 ನಿಮಿಷ. ಇದಕ್ಕೆ ಅಂತ ಬೇರೆ ಹೊತ್ತು ಹುಡುಕಬೇಕಿರಲಿಲ್ಲ, ಸ್ಕೂಟಿಗೂ ಒಂದು ಕಡೆಗೆ 12 ನಿಮಿಷ ಬೇಕೇ ಬೇಕಿತ್ತು. ದಿನಕ್ಕೆ ನನ್ನ ಕೈಯಿಂದ ಹೋದದ್ದು 12 ನಿಮಿಷ ಮಾತ್ರ. ಏಪ್ರಿಲ್-ಮೇನಲ್ಲಿ ಮದುವೆ ಆರ್ಡರ್ ತುಂಬಿಕೊಂಡು ರಾತ್ರಿ ಹತ್ತಾದರೂ ಮನೆಗಂತೂ ಬರಲೇಬೇಕಲ್ಲ, ಗೀಟು ಬೀಳುತ್ತಲೇ ಹೋಯ್ತು. ಐದು ತಿಂಗಳಿಗೆ 117. ದಿನಕ್ಕೆ 20 ರೂಪಾಯಿ ಪೆಟ್ರೋಲ್ ಉಳೀತು, ಸೈಕಲ್ಲಿನ ದುಡ್ಡು ಹೆಚ್ಚುಕಮ್ಮಿ ವಾಪಸ್ ಬಂತು.

ಕಷ್ಟ ಇಲ್ಲ ಅಂತಲ್ಲ. ಲಾರಿ, ಧೂಳು, ರಾತ್ರಿ ಬೆನ್ನಟ್ಟೋ ನಾಯಿ. ನಾಯಿ ಬಂದರೆ ಜೋರಾಗಿ ತುಳೀಬಾರದು, ಇಳಿದು ಸೈಕಲ್ಲನ್ನ ಮಧ್ಯೆ ಇಟ್ಟುಕೊಂಡು ನಿಧಾನ ನಡೀಬೇಕು. ಹಿಂದಿನ ಕೆಂಪು ಲೈಟ್ ಇಲ್ಲದೆ ರಾತ್ರಿ ರಸ್ತೆಗೆ ಇಳಿಯಲೇಬಾರದು. ಮಧ್ಯಾಹ್ನ 40 ಡಿಗ್ರಿ ದಾಟೋ ಊರು ನಮ್ಮದು. ಬೆಳಿಗ್ಗೆ 9ರ ಒಳಗೆ ಯೂನಿಟ್ ಸೇರಿದರೆ ಪರವಾಗಿಲ್ಲ, ಹತ್ತಾದರೆ ತಲೆ ಸುತ್ತು ಬಂದೀತು.

ಮೇ ಕೊನೆಗೆ ಸಂಜೆ ಬಂಡೆ ತಣ್ಣಗಾದಮೇಲೆ ಗುಡ್ಡ ಹತ್ತಿದೆ. 1 ಕಡೆ ನಿಂತೆ, ಅದೂ ಮಗಳು ಕುಂಬಾರ ಗುಡ್ಡ ತೋರಿಸು ಅಂದದ್ದಕ್ಕೆ. ಅದು ಕೋಟೆಗಿಂತ ಎತ್ತರ ಇರೋದನ್ನ ಗಮನಿಸಲಿಲ್ಲ ಅಂತ ಹೈದರಾಲಿ ಕೋಟೆ ಕೆಲಸ ಮಾಡಿಸಿದ ಫ್ರೆಂಚ್ ಎಂಜಿನಿಯರನ್ನೇ ಗಲ್ಲಿಗೇರಿಸಿದ ಅಂತ ಊರಲ್ಲಿ ಹೇಳ್ತಾರೆ, ಆ ಕಥೆ ಅವಳಿಗೆ ಹೇಳಿದೆ.

ಆದರೆ ಸೈಕಲ್ ಒಂದರಿಂದ ಸೊಂಟ ಸರಿ ಇರಲಿಲ್ಲ. ಫೆಬ್ರವರಿಗೆ ನೋವು ಮರಳಿತು. ಈಗ ವಾರಕ್ಕೆ ಮೂರು ದಿನ ಚಾಚಾ ಕಲಿಸಿದ ಬೈಠಕ್ 30, ದಂಡ 15, ಆಮೇಲೆ ತುಂಬಿದ ನೀರಿನ ಕ್ಯಾನ್ ಹಿಡಿದು ಜಿಮ್ಮಿನ ಆ ಎಳೆತ. ಹತ್ತು ನಿಮಿಷದ ಕೆಲಸ. ಒಗ್ಗಾಣಿ-ಮಿರ್ಚಿ ತಟ್ಟೆಗೆ ಬೀಳೋ ಮುಂಚೆ ಮುಗಿಯುತ್ತೆ.

ರಾತ್ರಿ ಕೆಲಸ ಇಲ್ಲದವರಿಗೆ, ವಯಸ್ಸಾದವರಿಗೆ ನಡಿಗೆಯೇ ಸರಿ. ಹೊತ್ತಿಗೆ ಸರಿಯಾಗಿ ಬಿಡೋ ನೌಕರಿ ಇದ್ದರೆ ಜಿಮ್ ಹಿಡೀರಿ. ನಮ್ಮಂಥ ಪೀಸ್ ಲೆಕ್ಕದವರು ಸೈಕಲ್ ತಗೊಳ್ಳೋದಾದರೆ ಮೊದಲು ಸೀಟಿನ ಎತ್ತರ ನೋಡಿ: ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಿಚಿರಬೇಕು. ನಾನು ಸೀಟು ತೀರಾ ಕೆಳಗಿಟ್ಟು ಮೊದಲ ಎರಡು ವಾರ ಮೊಣಕಾಲು ನೋಯಿಸಿಕೊಂಡೆ.