ಟಿಯಾಗೊ, ವಿಂಡ್ಸರ್, ಪಂಚ್ ಮತ್ತು ನನ್ನ ಬಲಮೊಣಕಾಲು

"ಬೆಳಿಗ್ಗೆ ಎಂಟಕ್ಕೆ ಗಾಡಿ ನಮ್ಮ ಸೊಸೈಟಿಗೇ ತರ್ತೀಯೇನಪ್ಪ?" ಅಂತ ಕೇಳಿದ್ದಕ್ಕೆ ಶೋರೂಮಿನ ಹುಡುಗ, "ಕಾಕೂ, ನಾವು ತೆಗೆಯೋದೇ ಹತ್ತೂವರೆಗೆ" ಅಂದ. ಸಂಧಿವಾತದ ಕೈ ಹತ್ತೂವರೆಗೆ ಸುಳ್ಳು ಹೇಳುತ್ತದೆ, ಅವನಿಗೆ ಅದು ಹೇಗೆ ಗೊತ್ತಾಗಬೇಕು? ಒಂಬತ್ತರವರೆಗೆ ನನ್ನ ಬೆರಳಿಗೆ ಹಾಲಿನ ಪಾಕೀಟೂ ಹರಿಯಲಾಗುವುದಿಲ್ಲ. ಆಮೇಲೆ ಎಲ್ಲ ಸಡಿಲ. ಆದರೆ ನಾನು ಪುಣೆಯ ಕೋಥ್ರೂಡಿನಿಂದ ಕೆಲಸಕ್ಕೆ ಹೊರಡುವುದು ಎಂಟೂವರೆಗೆ. ಬಲಮೊಣಕಾಲು ಬದಲಾಗಿ ಎರಡು ವರ್ಷ ಆಯಿತು. ಕೀಲು ಹೊಸದು, ಆದರೆ ಮಡಚುವುದಕ್ಕೆ ತನ್ನದೇ ಮಿತಿ ಇಟ್ಟುಕೊಂಡಿದೆ. ಕೊಳ್ಳುವ ಮುಂಚೆ ಓಡಿಸಿ ನೋಡಲು ಹಟ ಹಿಡಿದು ಮೂರು ಎಲೆಕ್ಟ್ರಿಕ್ ಕಾರುಗಳನ್ನೂ, ಟಾಟಾದ ಟಿಯಾಗೊ ಮತ್ತು ಪಂಚ್, ಎಂಜಿಯ ವಿಂಡ್ಸರ್, ಬೆಳಿಗ್ಗೆಯೇ ತರಿಸಿಕೊಂಡೆ.

ಕ್ಲಚ್, ಗೇರ್ ಬೇಡ ಅನ್ನುವುದಷ್ಟೇ ಆಗಿದ್ದರೆ ಪೆಟ್ರೋಲ್ ಆಟೊಮ್ಯಾಟಿಕ್ಕೂ ಸಾಕಿತ್ತು, ಸುಳ್ಳು ಯಾಕೆ. ಮನೆಯ ಕೆಳಗೇ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿ ಮಲಗಬಹುದು ಅನ್ನುವುದು ನನ್ನನ್ನು ಎಳೆಯಿತು. ಅಂಗವಿಕಲರಿಗೆ ಜಿಎಸ್‌ಟಿ ರಿಯಾಯಿತಿ ಸಿಗುತ್ತದಲ್ಲ ಅಂತ ಇಬ್ಬರು ಕೇಳಿದರು. ಎಲೆಕ್ಟ್ರಿಕ್ ಕಾರಿಗೆ 2019ರ ಆಗಸ್ಟ್‌ನಿಂದ ಎಲ್ಲರಿಗೂ 5 ಪರ್ಸೆಂಟೇ.

ಎಂಜಿಯದೇ ಪುಟ್ಟ ಎಲೆಕ್ಟ್ರಿಕ್ ಕಾರು ಕಾಮೆಟ್ ನೋಡಿದೆ, ಓಡಿಸಲಿಲ್ಲ. ಮೂರು ಮೀಟರಿಗಿಂತ ಚಿಕ್ಕದು, ತಿರುಗಿಸಲು ಬಲು ಸುಲಭ, ಆದರೆ ಎರಡೇ ಬಾಗಿಲು. ಹಾಗಾಗಿ ಬಾಗಿಲು ಉದ್ದ, ಪೂರ್ತಿ ತೆರೆಯಲು ಅಂಗಳವೇ ಬೇಕು.

ಟಿಯಾಗೊದ ಮೇಲೆ ನನಗೆ ಮೊದಲಿನಿಂದ ಮನಸ್ಸಿತ್ತು: ಬೆಲೆ ಕಡಿಮೆ, ಅಗಲ 1677 ಮಿ.ಮೀ. ಅಷ್ಟೇ. ಕೂರುವುದೇನೋ ಕೂತೆ. ಸೀಟು ಕೆಳಗೆ, ಬೆನ್ನು ತಾನಾಗಿ ಜಾರಿತು. ಏಳುವಾಗ ತಿಳಿಯಿತು ನೋಡಿ. ಅಷ್ಟು ತಗ್ಗಿನಿಂದ ಏಳಬೇಕಾದರೆ ಮೊಣಕಾಲು ಪೂರ್ತಿ ಮಡಚಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಬಾಗಿಲ ಚೌಕಟ್ಟು ಹಿಡಿದೆ, ಬೆರಳು ಕೂಗಿತು. ಹ್ಯಾಂಡ್‌ಬ್ರೇಕೂ ಎಳೆಯುವ ಲಿವರ್‌ದು. ಬಟನ್ ಒತ್ತಿ ಇಳಿಸುವಾಗ ಹೆಬ್ಬೆರಳಿನ ಬುಡಕ್ಕೆ ಚುಚ್ಚುತ್ತದೆ. ಹತ್ತುವುದನ್ನಲ್ಲ, ಇಳಿಯುವುದನ್ನು ಐದು ಸಲ ಮಾಡಿ ನೋಡಬೇಕು. ನಾನು ಮೂರಕ್ಕೇ ಕೈಮುಗಿದೆ.

ವಿಂಡ್ಸರ್ ಬಂದಾಗ ನಮ್ಮವರು ಹಿಂದಿನ ಸೀಟಿನಲ್ಲಿ ಕೂತವರು ಇಳಿಯಲೇ ಇಲ್ಲ. ಕುತ್ತಿಗೆ ನೋವಿಗೆ ಸರ್ವೈಕಲ್ ಕಾಲರ್ ಹಾಕಿಕೊಂಡ ಮನುಷ್ಯನಿಗೆ 135 ಡಿಗ್ರಿ ಒರಗುವ ಸೀಟು ಸಿಕ್ಕರೆ ಇನ್ನೇನು ಬೇಕು! ನನಗೂ ಅದರಲ್ಲಿ ಬಹಳ ಇಷ್ಟವಾಯಿತು. ಮೇಲಿನ ವೇರಿಯಂಟ್‌ನಲ್ಲಿ ಡ್ರೈವರ್ ಸೀಟು ಸ್ವಿಚ್ಚಿನಿಂದಲೇ ಏಳುತ್ತದೆ, ಇಳಿಯುತ್ತದೆ. ಲಿವರ್ ಪಂಪ್ ಹೊಡೆಯುವ ಕೆಲಸ ಇಲ್ಲ. ಸ್ಟಾರ್ಟ್ ಬಟನ್ನೂ ಇಲ್ಲ, ಬ್ರೇಕ್ ಒತ್ತಿದರೆ ಗಾಡಿ ತಯಾರು. ಎಲ್ಲವನ್ನೂ 15.6 ಇಂಚಿನ ಸ್ಕ್ರೀನಿನೊಳಗೆ ತುರುಕಿದ್ದಾರೆ ಅಂತ ಜನ ಬೈಯುತ್ತಾರೆ, ಕನ್ನಡಿ ಸರಿಮಾಡಲೂ ಅಲ್ಲೇ ಹೋಗಬೇಕು. ಬೆರಳಿನ ದೃಷ್ಟಿಯಿಂದ ನನಗೆ ಅದು ವರ: ಮುಟ್ಟಿದರೆ ಸಾಕು, ತಿರುಪಬೇಕಿಲ್ಲ. ಭುಜ ನೋಯುವವರಿಗೆ ಮಾತ್ರ ಕೈ ಚಾಚಿ ಹಿಡಿಯುವುದು ಶಿಕ್ಷೆಯೇ.

ಹಾಗಿದ್ದರೆ ಯಾಕೆ ತಗೊಳ್ಳಲಿಲ್ಲ? ರಂಗೋಲಿ ಪುಡಿಯಿಂದಾಗಿ.

ನಮ್ಮ ಪಾರ್ಕಿಂಗಿನ ಎರಡು ಕಂಬಗಳ ನಡುವೆ ಎರಡೂವರೆ ಮೀಟರ್. ಎಡಕ್ಕೆ ಒಂದು ಗೇಣು ಬಿಟ್ಟು, ಮೂರೂ ಕಾರುಗಳ ಅಗಲವನ್ನು ನೆಲದ ಮೇಲೆ ಗೆರೆ ಎಳೆದೆ. ವಾಚ್‌ಮನ್ ಏನೋ ಪೂಜೆ ಅಂದುಕೊಂಡ. ವಿಂಡ್ಸರ್ 1850 ಮಿ.ಮೀ.; ಬಲಗಡೆ ಉಳಿದದ್ದು ಒಂದೂವರೆ ಅಡಿ. ಪಂಚ್ 1742; ಹತ್ತಿರಹತ್ತಿರ ಎರಡು ಅಡಿ. ಗೆರೆಯ ಪಕ್ಕ ಸ್ಟೂಲ್ ಇಟ್ಟು ಕೂತು, ಕಾಲು ಹೊರಗೆ ತಿರುಗಿಸಿ ನೋಡಿದೆ. ಒಂದೂವರೆ ಅಡಿಯಲ್ಲಿ ಮೊಣಕಾಲು ಹೊರಗೆ ಬರುತ್ತದೆ, ಪಾದ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮವರ ಮುಖ ಸಣ್ಣದಾಯಿತು.

ಪಂಚ್ ಇವಿಯ ಸೀಟು ನನ್ನ ಎತ್ತರಕ್ಕೆ ಹೇಳಿ ಮಾಡಿಸಿದಂತಿದೆ, ಕುರ್ಚಿಗೆ ಹಿಂದೆ ಸರಿದು ಕೂತಂತೆ ಕೂರಬಹುದು. ಬಾಗಿಲು 90 ಡಿಗ್ರಿ ತೆರೆಯುತ್ತದೆ. ಕಂಬಗಳ ನಡುವೆ ಅದು ಅರ್ಧಕ್ಕೇ ನಿಲ್ಲುತ್ತದೆ ಅನ್ನುವುದು ಬೇರೆ, ತರಕಾರಿ ಮಂಡಿಯ ಹತ್ತಿರ ನಿಲ್ಲಿಸಿದಾಗ ಅದರ ಬೆಲೆ ಗೊತ್ತಾಗುತ್ತದೆ. ಹಿಂದಿನ ಬಾಗಿಲ ಹಿಡಿ ಕಿಟಕಿಯ ಮೂಲೆಯಲ್ಲಿ ಮೇಲೆ ಅಡಗಿದೆ, ನಮ್ಮ ಅವ್ವನಿಗೆ ನಾವೇ ತೆಗೆದುಕೊಡಬೇಕು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಮತ್ತು ಆಟೊ ಹೋಲ್ಡ್ ಮೇಲಿನ ವೇರಿಯಂಟ್‌ಗಳಲ್ಲಿ ಮಾತ್ರ. ನಾನು ಸನ್‌ರೂಫ್ ಬೇಡ ಅಂದರೂ ಇವೆರಡನ್ನು ಬಿಡಲಿಲ್ಲ. ಸಿಗ್ನಲ್ಲಿನಲ್ಲಿ ಒಮ್ಮೆ ಬ್ರೇಕ್ ಒತ್ತಿ ಕಾಲು ತೆಗೆದರೆ ಗಾಡಿ ತಾನೇ ನಿಂತಿರುತ್ತದೆ.

ರೀಜನ್ ವಿಷಯದಲ್ಲಿ ನಾನೇ ಮೋಸಹೋದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೋಟರು ಜನರೇಟರ್ ಆಗಿ ಗಾಡಿಯನ್ನು ಹಿಡಿದೆಳೆದು, ಬ್ಯಾಟರಿಗೆ ಕರೆಂಟು ವಾಪಸು ಕೊಡುವ ವ್ಯವಸ್ಥೆ ಅದು. ಪಂಚ್‌ನಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ 0ಯಿಂದ 3ರವರೆಗೆ ಇಡಬಹುದು. 3ರಲ್ಲಿ ಇಟ್ಟರೆ ಬ್ರೇಕಿಗೆ ಕಾಲು ಎತ್ತುವುದು ತಪ್ಪುತ್ತದೆ, ಮೊಣಕಾಲಿಗೆ ಆರಾಮ ಅಂತ ಲೆಕ್ಕ ಹಾಕಿದ್ದೆ. ಕರ್ವೆ ರೋಡಿನ ಟ್ರಾಫಿಕ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಮೀನಖಂಡ ನಡುಗತೊಡಗಿತು. ಪಾದ ಸ್ವಲ್ಪ ಸಡಿಲಿಸಿದರೂ ಗಾಡಿ ಮುಗ್ಗರಿಸುತ್ತದೆ. ಅದಕ್ಕೇ ಪಾದ ಗಾಳಿಯಲ್ಲಿ ತೂಗುತ್ತಲೇ ಇರಬೇಕು. ಪಕ್ಕದಲ್ಲಿ ಕಾಲರ್ ಹಾಕಿದವರ ಕುತ್ತಿಗೆಯೂ ಪ್ರತಿ ಸಲ ಹೂಂಗುಟ್ಟಿತು. ಈಗ ಊರೊಳಗೆ 1, ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಜ್ಜಿಗೆ ಇಳಿಯುವಾಗ 3.

ದೀಪಾವಳಿಗೆ ಬೆಳಗಾವಿಗೆ ಹೋದೆವು, 340 ಕಿ.ಮೀ. ಹತ್ತಿರ. ಎಲ್ಲರೂ ರೇಂಜ್ ಕೇಳುತ್ತಾರೆ. 35 ಯೂನಿಟ್ಟಿನ ಬ್ಯಾಟರಿಗಿಂತ ನನ್ನ ಮೊಣಕಾಲಿನ ರೇಂಜೇ ಕಡಿಮೆ. ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕದಿದ್ದರೆ ಅದು ಬಿಗಿಯುತ್ತದೆ. ಕೊಲ್ಹಾಪುರದ ಹತ್ತಿರ ಫಾಸ್ಟ್ ಚಾರ್ಜರ್ ಸಿಕ್ಕಿತು. ಮನೆಯ ಪ್ಲಗ್ಗಿನ ಕೇಬಲ್ ಎಳೆದು ರೂಢಿಯಾದವಳಿಗೆ ಆ ದಪ್ಪ ಕೇಬಲ್ಲು ಹೆಬ್ಬಾವಿನ ಹಾಗೆ ಕಂಡಿತು, ಚಾರ್ಜ್ ಮುಗಿದ ಮೇಲೆ ಎರಡೂ ಕೈ ಹಾಕಿದರೂ ಅದರ ತುದಿಯ ಗನ್ ಕಾರಿನಿಂದ ಅಲುಗಲಿಲ್ಲ. ನಮ್ಮವರ ಕುತ್ತಿಗೆಯನ್ನು ಕೇಳುವ ಹಾಗೇ ಇಲ್ಲ. ಪಕ್ಕದ ಚಹಾದಂಗಡಿಯ ಹುಡುಗ ಕಿಟ್ಲಿ ಕೆಳಗಿಟ್ಟು ಬಂದ, ಒಂದೇ ಕೈಯಲ್ಲಿ ಕಿತ್ತು ಸ್ಟ್ಯಾಂಡಿಗೆ ಸಿಕ್ಕಿಸಿ, "ಕಾಕೂ, ಅರ್ಧ ಚಹಾ ಹೇಳಲಾ?" ಅಂದ.