ಡಿಶ್‌ಗಾಗಿ ಕಂಗು ಕಡಿಯುವ ಮೊದಲು

ತಾರಸಿಯ ಮೇಲೆ ಒಂದೇ ಡಿಶ್ ಇಟ್ಟು ಎರಡು ಉಪಗ್ರಹ ಹಿಡಿಯಲು ಹೊರಟವರು, ಅದರಲ್ಲೂ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು, ದಯವಿಟ್ಟು ಇದನ್ನು ಓದಿ. ಫಲ ಬಿಡುತ್ತಿದ್ದ ಎರಡು ಕಂಗು, ಅಂದರೆ ಅಡಿಕೆ ಮರ, ಕಳೆದುಕೊಂಡು ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುವ ಡಿಡಿ ಫ್ರೀ ಡಿಶ್. ಬಾಡಿಗೆ ಇಲ್ಲದೆ ಚಂದನ ಸಿಗುತ್ತದಲ್ವಾ? ಜೊತೆಗೆ 83 ಡಿಗ್ರಿಯ ಉಪಗ್ರಹದಿಂದ ಬರುವ, ನಾವು ದುಡ್ಡು ಕಟ್ಟಿ ನೋಡುವ ಡಿಟಿಎಚ್. 90 ಸೆಂಟಿಮೀಟರ್ ಡಿಶ್, ಎರಡು ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಮೂತಿ), ಎರಡು ಕೇಬಲ್.

"ಒಂದು ಗಂಟೆಯ ಕೆಲಸ ಮಾಷ್ಟ್ರೇ" ಅಂದ ಡಿಶ್ ಕೂರಿಸುವವನು. ದಿಲ್ಲಿಯ ಯಾರದೋ ವಿಡಿಯೊ ಮೊಬೈಲಿನಲ್ಲಿ ಇಟ್ಟುಕೊಂಡು, ಅದರಂತೆಯೇ ಎರಡು ಎಲ್‌ಎನ್‌ಬಿಗಳನ್ನು ಅಡ್ಡಪಟ್ಟಿಯಲ್ಲಿ ಸಮಸಾಲಾಗಿ ಬಿಗಿದ. ಟಿವಿಯಲ್ಲಿ ಸಿಗ್ನಲ್ ಸ್ಟ್ರೆಂತ್ ಪಟ್ಟಿ ಮೇಲೇರಿತು. ನಾನು ಚಹಾ ಕೊಟ್ಟೆ, ದುಡ್ಡೂ ಕೊಟ್ಟೆ. ಎಲ್‌ಎನ್‌ಬಿಗೆ ಕೇಬಲ್ ಸಿಕ್ಕಿಸಿದರೆ ಸಾಕು, ಆ ಪಟ್ಟಿ ಏರುತ್ತದೆ ಅಂತ ಆಗ ಗೊತ್ತಿರಲಿಲ್ಲ. ನೋಡಬೇಕಾದ್ದು ಕ್ವಾಲಿಟಿ ಪಟ್ಟಿ. ಅದು ಸೊನ್ನೆಯಲ್ಲೇ ಇತ್ತು.

ಮರುದಿನ ಬಂದು ಏನೇನೋ ತಿರುಗಿಸಿ ಫ್ರೀ ಡಿಶ್ ತರಿಸಿದ. 83 ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. "ಕಂಗು ಅಡ್ಡ ಬರ್ತದೆ ಮಾಷ್ಟ್ರೇ" ಅಂದ. ಡಿಶ್‌ನ ಮುಖ ನೋಡಿದರೆ ನನಗೂ ಹೌದೆನಿಸಿತು. ಎರಡು ಕಂಗು ಕಡಿಸಿದೆ. ಬರಲಿಲ್ಲ. ಆಮೇಲೆ ಅವನು ಫೋನೂ ಎತ್ತಲಿಲ್ಲ.

ರಜೆಗೆ ಬಂದ ತಂಗಿಯ ಮಗ ಲೆಕ್ಕ ಹಾಕಿ ನಕ್ಕ. ನಮ್ಮೂರಿನಿಂದ 93.5 ಕಾಣುವುದು ನೆಲದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ, 83 ಇನ್ನೂ ಮೇಲೆ, 72ರ ಹತ್ತಿರ. ಹತ್ತು ಮೀಟರ್ ಆಚೆಗಿದ್ದ ಕಂಗಿನ ತಲೆ ಅಷ್ಟೆತ್ತರಕ್ಕೆ ಬರುವುದೇ ಇಲ್ಲ. ಈ ಡಿಶ್‌ಗಳು ಆಫ್‌ಸೆಟ್ ಜಾತಿಯವು. ನೋಡುವುದು ಮೇಲಕ್ಕೆ, ಮುಖ ಮಾತ್ರ ತಗ್ಗಿಸಿಕೊಂಡಂತೆ ಕಾಣುತ್ತದೆ. ನಾವು ಮೋಸಹೋದದ್ದು ಅಲ್ಲೇ.

ನಿಜವಾದ ತಪ್ಪು ಆ ಸಮಸಾಲು. ಭೂಮಧ್ಯರೇಖೆಗೆ ಹತ್ತಿರದ ನಮ್ಮಲ್ಲಿ, ಮೂಡು ಬದಿಯ ಉಪಗ್ರಹಗಳ ಸಾಲು ಏಣಿ ಒರಗಿಸಿದ ಹಾಗೆ ಓರೆಯಾಗಿರುತ್ತದೆ. ಡಿಶ್ ಕನ್ನಡಿಯ ಹಾಗೆ ಎಲ್ಲವನ್ನೂ ತಿರುವಿಹಾಕುತ್ತದೆ. ಡಿಶ್ 93.5ಕ್ಕೆ ಮುಖ ಮಾಡಿದ್ದರೆ, ಅದರ ಹಿಂದೆ ನಿಂತವರಿಗೆ 83 ಬಲಕ್ಕೆ, ಮೇಲಕ್ಕೆ. ಹಾಗಾಗಿ ಅದರ ಎಲ್‌ಎನ್‌ಬಿ ಎಡಕ್ಕೆ, ಕೆಳಕ್ಕೆ ಬರಬೇಕು. ಪಕ್ಕಕ್ಕೆ ಎಷ್ಟು ಸರಿಸುತ್ತೀರೋ ಹೆಚ್ಚುಕಡಿಮೆ ಅಷ್ಟೇ ಕೆಳಕ್ಕೂ. ನಮ್ಮವನು ಬಲಕ್ಕೆ ಕಟ್ಟಿದ್ದ! ಎಲ್‌ಎನ್‌ಬಿಯನ್ನು ಅದರ ಜಾಗದಲ್ಲೇ ತಿರುಚುವ ಲೆಕ್ಕವೂ ಬೇರೆ. 93.5ಕ್ಕೆ ದಿಲ್ಲಿಯಲ್ಲಿ ಸುಮಾರು 27 ಡಿಗ್ರಿ ಸಾಕು, ನಮ್ಮಲ್ಲಿ 55 ಬೇಕು. ಕೂರಿಸುವವರನ್ನು ಇದೊಂದು ಕೇಳಿ ನೋಡಿ. ತಡವರಿಸಿದರೆ ಏಣಿ ಹತ್ತಿಸಬೇಡಿ.

ತಾರಸಿಗೆ ಕೊರೆದ ನಾಲ್ಕು ತೂತುಗಳ ವಿಷಯ ಬೇರೆ. ಬೋಲ್ಟಿನ ಸುತ್ತ ಏನೂ ಮೆತ್ತಿರಲಿಲ್ಲ. ಮಳೆಗಾಲದಲ್ಲಿ ಕೆಳಗಿನ ಕೋಣೆಯ ಅಡಿಕೆ ಗೋಣಿ ಒದ್ದೆಯಾಯಿತು.

ತಂಗಿಯ ಮಗ ತಂತಿ, ಕ್ಲಾಂಪ್ ಹಿಡಿದು ಎರಡು ಎಲ್‌ಎನ್‌ಬಿಗಳನ್ನೂ ಸರಿಮಾಡಿಕೊಟ್ಟ. ಜೋರು ಮಳೆ ಹೊಡೆದರೆ ಎರಡರ ಸಿಗ್ನಲ್ಲೂ ಹೋಗುತ್ತದೆ, ಈ ಡಿಶ್‌ಗಳು ಹಿಡಿಯುವ ಕೆಯು ಬ್ಯಾಂಡ್ ತರಂಗಗಳ ಹಣೆಬರಹ ಅದು. ಆಗ ಮನೆಯವಳು ಟಿವಿ ಬಿಟ್ಟು ಕಿಟಕಿಯಾಚೆ ಆ ಎರಡು ಬುಡಗಳ ಕಡೆ ನೋಡುತ್ತಾಳೆ. ನಾನು ಸುಮ್ನೆ ಎದ್ದು ಒಳಗೆ ಹೋಗುತ್ತೇನೆ.