ಹುಬ್ಬಳ್ಳಿ–ಧಾರವಾಡ ಚಿಗರಿ: ನಡುವಿನ ಓಟಕ್ಕೆ ಪೂರ್ತಿ ಅಂಕ, ತುದಿಗಳಿಗೆ ಅರ್ಧ

ಓದಿ ಮುಗಿಸೋಕೆ ಪುರಸೊತ್ತು ಇಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹುಬ್ಬಳ್ಳಿಯ ಹೊಸೂರು ದಾಟಿ ಧಾರವಾಡದ ಜುಬಿಲಿ ಸರ್ಕಲ್ ಮುಟ್ಟುವ ತನಕ, ತನ್ನದೇ ಪಥದಲ್ಲಿ ಓಡುವ ಚಿಗರಿ ಬಸ್ಸಿಗೆ ಸಾಟಿಯಿಲ್ಲ. ಸಂಜೆ ಆಫೀಸು ಬಿಡುವ ಹೊತ್ತಿಗೆ ಅದೇ ರಸ್ತೆಯಲ್ಲಿ ಕಾರು ಅದಕ್ಕಿಂತ ಹಿಂದೆ ಉಳಿಯುತ್ತದೆ. ಎರಡೂ ತುದಿಯಲ್ಲಿ ಹಳೇ ಊರೊಳಗೆ ಹೊಕ್ಕಮೇಲೆ ಮಾತ್ರ ಅದು ಆಟೋ, ಟಂಟಂ, ತಳ್ಳುಗಾಡಿಗಳ ನಡುವೆ ಸಿಕ್ಕಿಕೊಂಡ ಎ.ಸಿ. ಬಸ್ಸು, ಅಷ್ಟೇ. ಹಣ ಸುರಿದದ್ದೆಲ್ಲ ನಡುವಿನ ದಾರಿಗೆ, ಹೊತ್ತು ಕಳೆಯುವುದು ತುದಿಗಳಲ್ಲಿ.

ಹೊರಗಿನವರಿಗೆ ಒಂದೆರಡು ಮಾತು. ಚಿಗರಿ ಅಂದರೆ ನಮ್ಮ ಕಡೆ ಜಿಂಕೆ. ಹಳೇ ಪೂನಾ–ಬೆಂಗಳೂರು ರೋಡಿನ ಸುಮಾರು 22 ಕಿಲೋಮೀಟರಿನಲ್ಲಿ ಡಿವೈಡರ್ ಇರಬೇಕಾದ ಜಾಗದಲ್ಲೇ ಬಸ್ಸಿಗೆಂದು ಬೇರೆ ಪಥ ಹಾಕಿದ್ದಾರೆ, ಎರಡೂ ಪಕ್ಕ ಕಬ್ಬಿಣದ ಗ್ರಿಲ್ ಇದೆ. ಇದಕ್ಕಾಗಿ ರಸ್ತೆಯನ್ನು ಊರೊಳಗೆ 35 ಮೀಟರಿಗೆ, ಎರಡೂರಿನ ನಡುವೆ 44 ಮೀಟರಿಗೆ ಅಗಲ ಮಾಡಿದರು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದರು. ವಿಶ್ವಬ್ಯಾಂಕಿನ ನೆರವೂ ಇತ್ತು. ಓಡಿಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ.

ಹೊಸಬರು ಮೊದಲು ತಪ್ಪುವುದು ನಂಬರಿನಲ್ಲಿ. 100ರ ಸಾಲಿನ ಬಸ್ಸು ಎಕ್ಸ್‌ಪ್ರೆಸ್, ಆಯ್ದ ನಿಲ್ದಾಣಗಳಲ್ಲಿ ಮಾತ್ರ ನಿಲ್ಲುತ್ತದೆ. 200ರ ಸಾಲಿನದು ಎಲ್ಲ ಕಡೆ ನಿಲ್ಲುತ್ತದೆ. ಎಕ್ಸ್‌ಪ್ರೆಸ್ ನಿಲ್ಲದ ಕಡೆ ಇಳಿಯಬೇಕಾದವರು ಬೋರ್ಡು ನೋಡದೆ ಬಂದದ್ದನ್ನೇ ಹತ್ತಿಬಿಟ್ಟರೆ ತಮ್ಮ ಸ್ಟಾಪು ಕಿಟಕಿಯಲ್ಲಿ ಹಾದುಹೋಗುವುದನ್ನು ನೋಡುತ್ತಾ ಕೂರಬೇಕಾಗುತ್ತದೆ. ಅನುಮಾನವಿದ್ದರೆ ಹತ್ತುವ ಮುಂಚೆ ಗೇಟಿನ ಹತ್ತಿರದ ಸಿಬ್ಬಂದಿಯನ್ನು ಕೇಳಿ.

ಈ ಎರಡು ಸಾಲಿನ ನಡುವೆ ಎಷ್ಟು ವ್ಯತ್ಯಾಸ ಬೀಳುತ್ತದೆ ಅನ್ನುವುದನ್ನು ಬೆರಳು ಮಡಚಿ ಲೆಕ್ಕ ಹಾಕಬಹುದು. ಒಂದು ಸ್ಟಾಪಿಗೆ ಬ್ರೇಕು ಹಾಕಿ ನಿಲ್ಲುವುದು, ಮತ್ತೆ ವೇಗ ಹಿಡಿಯುವುದು ಸೇರಿ ಸುಮಾರು 20 ಸೆಕೆಂಡು ನಷ್ಟ. ಬಾಗಿಲು ತೆರೆದು ಜನ ಹತ್ತಿಳಿಯಲು ಇನ್ನೊಂದು 20. ಅಂದರೆ ಸ್ಟಾಪಿಗೆ 40 ಸೆಕೆಂಡು. ಮೂವತ್ತು ಕಡೆ ನಿಂತರೆ 20 ನಿಮಿಷ, ಎಂಟೇ ಕಡೆ ನಿಂತರೆ ಐದೂ ಚಿಲ್ಲರೆ. ಗಂಟೆಗೆ 45 ಕಿಲೋಮೀಟರಿನಂತೆ ಓಡಿದರೆ 22 ಕಿಲೋಮೀಟರಿಗೆ 29 ನಿಮಿಷ ಬೇಕು. ಸಿಗ್ನಲ್ಲುಗಳಿಗೆ ಐದಾರು ನಿಮಿಷ ಸೇರಿಸಿ. ಒಂದಕ್ಕೆ 40 ನಿಮಿಷ, ಇನ್ನೊಂದಕ್ಕೆ 55. ಪಥವೂ ಒಂದೇ, ಬಸ್ಸೂ ಒಂದೇ. ಕಾಲು ಗಂಟೆ ತಿನ್ನುವುದು ಸ್ಟಾಪುಗಳು. ನಿಲ್ದಾಣದ ಹತ್ತಿರ ಒಂದು ಬಸ್ಸು ನಿಂತಿದ್ದಾಗ ಇನ್ನೊಂದು ಪಕ್ಕದಿಂದ ದಾಟಿ ಹೋಗಲು ಬಿಟ್ಟಿರುವ ಹೆಚ್ಚುವರಿ ಜಾಗಕ್ಕೆ ಬೆಲೆ ಬರುವುದು ಇಲ್ಲೇ. ಅದಿಲ್ಲದಿದ್ದರೆ ಎಕ್ಸ್‌ಪ್ರೆಸ್ ಅನ್ನುವುದು ಬೋರ್ಡಿನ ಮೇಲಿನ ಹೆಸರಾಗಿ ಉಳಿಯುತ್ತಿತ್ತು. ಬೇರೆ ಊರಿನವರು ಇಂಥ ಪಥ ಮಾಡಹೊರಟರೆ ಮೊದಲು ಕೇಳಬೇಕಾದ ಪ್ರಶ್ನೆ: ಓವರ್‌ಟೇಕ್ ಮಾಡಲು ಎಲ್ಲಿ ಜಾಗ ಬಿಟ್ಟಿದ್ದೀರಿ?

ನಿಲ್ದಾಣದಲ್ಲೇ ಟಿಕೆಟ್ ಕೊಳ್ಳುವುದು ಚಿಕ್ಕ ವಿಷಯದ ಹಾಗೆ ಕಾಣುತ್ತದೆ. ಸಾಮಾನ್ಯ ಬಸ್ಸಿನಲ್ಲಿ ಒಂದೇ ಬಾಗಿಲಲ್ಲಿ, ಮೆಟ್ಟಿಲು ಹತ್ತಿ, ಚೀಲ ಎತ್ತಿಕೊಂಡು ಹೋಗುವವರಿಗೆ ತಲೆಗೆ ಮೂರು ಸೆಕೆಂಡು ಹಿಡಿಯಿರಿ. ಇಪ್ಪತ್ತು ಜನಕ್ಕೆ ಒಂದು ನಿಮಿಷ. ಇಲ್ಲಿ ಕೌಂಟರಿನಲ್ಲಿ ಕೋಡ್ ಇರುವ ಚೀಟಿ ಕೊಂಡು, ಅದನ್ನೋ ಸ್ಮಾರ್ಟ್ ಕಾರ್ಡನ್ನೋ ತೋರಿಸಿ ಗೇಟು ದಾಟಿದರೆ ಬಸ್ಸು ಬರುವ ಹೊತ್ತಿಗೆ ವ್ಯವಹಾರ ಮುಗಿದಿರುತ್ತದೆ. ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ವಯಸ್ಸಾದವರು, ಗಾಲಿಕುರ್ಚಿಯವರು, ಎಸ್‌ಡಿಎಂ ಆಸ್ಪತ್ರೆಗೆ ಹೋಗುವ ಪೇಶಂಟುಗಳು ಸೀದಾ ಒಳಗೆ ನಡೆದುಹೋಗುತ್ತಾರೆ. ಚೀಟಿಯನ್ನು ಮಡಚಿ ಮುದ್ದೆ ಮಾಡಬೇಡಿ, ಕೋಡಿನ ಮೇಲೆ ಗೆರೆ ಬಿದ್ದರೆ ಗೇಟು ಓದುವುದಿಲ್ಲ. ಬೆವರಿನ ಕೈಯಲ್ಲಿ ಹಿಡಿದರೂ ಅದೇ ಗತಿ, ಶಾಖಕ್ಕೆ ಮೂಡುವ ಅಕ್ಷರ ಬೇಗ ಮಾಸುತ್ತದೆ. ಇಳಿದು ಹೊರಗೆ ಬರುವ ತನಕ ಎಸೆಯಲೂ ಬೇಡಿ.

ಬಸ್ಸು ನಿಲ್ದಾಣಕ್ಕೆ ಬಂದು ತಾಗುವ ಆ ಒಂದು ಕ್ಷಣವನ್ನು ಹತ್ತಿರದಿಂದ ನೋಡಬೇಕು. ಬಾಗಿಲು ಬಲಗಡೆ, ಡ್ರೈವರ್ ಕೂರುವುದೂ ಬಲಗಡೆಯೇ. ಹಾಗಾಗಿ ಪ್ಲಾಟ್‌ಫಾರ್ಮಿನ ಅಂಚು ಅವರ ಮೊಣಕೈ ಪಕ್ಕದಲ್ಲೇ ಸರಿಯುತ್ತಾ ಬರುತ್ತದೆ. ನುರಿತವರು ಮುಂದಿನ ಚಕ್ರವನ್ನು ಅಂಚಿಗೆ ಸಮಾನಾಂತರವಾಗಿ ತಂದು, ಕೊನೆಯ ಹತ್ತು ಮೀಟರಿನಲ್ಲಿ ಸ್ಟೀರಿಂಗ್ ಮುಟ್ಟದೆ ನಿಲ್ಲಿಸುತ್ತಾರೆ. ನಡುವೆ ಒಂದು ಗೇಣೂ ಇರುವುದಿಲ್ಲ. ಅವಸರದಲ್ಲಿ ಓರೆಯಾಗಿ ಬಂದರೆ ಮುಂದಿನ ಬಾಗಿಲು ಹತ್ತಿರ, ಹಿಂದಿನದು ದೂರ. ಮಗುವಿನ ಕಾಲು ಸಿಕ್ಕಿಕೊಳ್ಳುವಷ್ಟು ಸಂದಿ ಬೀಳುವುದು ಹಿಂದಿನ ಬಾಗಿಲಲ್ಲೇ. ಚಿಕ್ಕ ಮಕ್ಕಳಿದ್ದರೆ ಮುಂದಿನ ಬಾಗಿಲು ಹಿಡಿಯಿರಿ. ಇನ್ನು ವಯಸ್ಸಾದ ಬಸ್ಸಿನ ತಾಪತ್ರಯ. ಬಸ್ಸನ್ನು ಎತ್ತಿ ಹಿಡಿಯುವ ಏರ್ ಸಸ್ಪೆನ್ಶನ್ನಿನ ಗಾಳಿ ತುಂಬಿದ ರಬ್ಬರ್ ಚೀಲ ಸೋರತೊಡಗಿದರೆ ಆ ಮೂಲೆ ಕುಸಿಯುತ್ತದೆ, ಬಸ್ಸಿನ ನೆಲ ಪ್ಲಾಟ್‌ಫಾರ್ಮಿಗಿಂತ ನಾಲ್ಕು ಬೆರಳು ಕೆಳಗೆ ಬೀಳುತ್ತದೆ. ಒಳಗೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ, ಮೊಬೈಲ್ ನೋಡುತ್ತಾ ಹತ್ತುವವರಿಗೆ ಗೊತ್ತಾಗುತ್ತದೆ.

ಸಿಗ್ನಲ್ಲಿನ ಲೆಕ್ಕ ಇನ್ನೊಂದು. ಒಂದು ಸುತ್ತು 120 ಸೆಕೆಂಡು, ಅದರಲ್ಲಿ ನೇರ ಹೋಗುವವರಿಗೆ ಹಸಿರು 30 ಅಂತಿಟ್ಟುಕೊಳ್ಳಿ. ಯಾವ ಹೊತ್ತಿಗಾದರೂ ಬಂದು ಮುಟ್ಟುವ ಬಸ್ಸಿಗೆ ಸರಾಸರಿ ಕಾಯುವ ಹೊತ್ತು 34 ಸೆಕೆಂಡು ಬರುತ್ತದೆ. ಹತ್ತು ಸಿಗ್ನಲ್ಲಿಗೆ ಐದೂಮುಕ್ಕಾಲು ನಿಮಿಷ. ಬಸ್ಸು ಹತ್ತಿರ ಬಂದದ್ದನ್ನು ಗುರುತಿಸಿ ಹಸಿರನ್ನು ಹತ್ತು ಸೆಕೆಂಡು ಎಳೆದರೆ ಅದು 27ಕ್ಕೆ ಇಳಿಯುತ್ತದೆ. ಪಥದ ಉದ್ದ ಕಿಲೋಮೀಟರುಗಟ್ಟಲೆ ಹೆಚ್ಚಿಸುವುದಕ್ಕಿಂತ ಇದು ಎಷ್ಟೋ ಅಗ್ಗದ ಕೆಲಸ. ಆದರೆ ರಿಬ್ಬನ್ ಕತ್ತರಿಸಲು ಏನೂ ಇಲ್ಲದ ಕೆಲಸ, ಹಾಗಾಗಿ ಯಾರಿಗೂ ಅಷ್ಟು ಪ್ರೀತಿ ಇಲ್ಲ.

ಈಗ ಜಗಳದ ವಿಷಯಕ್ಕೆ ಬರೋಣ. "ಪಥ ಖಾಲಿ ಬಿದ್ದಿರತೈತಿ, ಎಲ್ಲರಿಗೂ ಬಿಡ್ರಿ" ಅನ್ನುವ ಮಾತು ಪಕ್ಕದ ಸಾಲಿನಲ್ಲಿ ಕಾರು ನಿಲ್ಲಿಸಿಕೊಂಡು ಕೂತ ಪ್ರತಿಯೊಬ್ಬರ ಬಾಯಲ್ಲೂ ಇದೆ. ಹನ್ನೆರಡು ಮೀಟರ್ ಉದ್ದದ ಬಸ್ಸು ಗಂಟೆಗೆ 40 ಕಿಲೋಮೀಟರಿನಲ್ಲಿ ಹೋದರೆ ನಿಮ್ಮ ಕಣ್ಣ ಮುಂದಿನಿಂದ ಒಂದೇ ಸೆಕೆಂಡಿನಲ್ಲಿ ಮಾಯ. ನಿಮಿಷಕ್ಕೊಂದು ಬಸ್ಸು ಬಂದರೂ ಉಳಿದ 59 ಸೆಕೆಂಡು ಪಥ ಖಾಲಿಯಾಗಿಯೇ ಕಾಣಬೇಕು. ಹಾಗೆ ನಿಮಿಷಕ್ಕೊಂದು ಬರುವ ಬಸ್ಸಿನಲ್ಲಿ 50 ಜನ ಇದ್ದರೆ ಗಂಟೆಗೆ 3,000 ಜನ. ಸಿಗ್ನಲ್ ಇರುವ ರಸ್ತೆಯ ಒಂದು ಸಾಲಿನಲ್ಲಿ ಗಂಟೆಗೆ 800–1,000 ಕಾರು ಹೋದರೆ ಬಹಳ, ತಲಾ ಒಂದೂವರೆ ಜನ ಅಂದರೂ 1,500 ದಾಟುವುದಿಲ್ಲ. ಇದರಲ್ಲಿ ಒಂದು ಷರತ್ತೂ ಅಡಗಿದೆ: ಬಸ್ಸು ಎರಡು ನಿಮಿಷಕ್ಕೊಂದು ಬಂದರೆ ಲೆಕ್ಕ ಸರಿಸಮ, ಐದು ನಿಮಿಷಕ್ಕೊಂದು ಬಂದರೆ ಕಾರಿನವರು ಹೇಳುವುದೇ ಸರಿ. ಪಥವನ್ನು ಕಾಯುವುದು ಗ್ರಿಲ್ಲಲ್ಲ, ಬಸ್ಸಿನ ಸಂಖ್ಯೆ. ರಾತ್ರಿ ಹೊತ್ತು, ಭಾನುವಾರ ಮಧ್ಯಾಹ್ನ ಈ ವಾದ ನಮಗೂ ಸ್ವಲ್ಪ ಸಡಿಲ ಅನ್ನಿಸುತ್ತದೆ.

ಎಲ್ಲರಿಗೂ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬಾಗಿಲಿನ ಕಡೆ ನೋಡಿದರೆ ಸಾಕು. ಈ ಬಸ್ಸು ನಿಲ್ಲಬೇಕಾದ್ದು ರಸ್ತೆ ನಡುವಿನ ಪ್ಲಾಟ್‌ಫಾರ್ಮಿಗೆ, ಎಡಕ್ಕೆ ಸರಿದು ನಿಲ್ಲುವ ಹಾಗಿಲ್ಲ. ಅದು ನಿಂತಾಗ ಹಿಂದೆ ಕಾರುಗಳ ಬಾಲ ಬೆಳೆಯುತ್ತದೆ, ಆ ಬಾಲದ ಹಿಂದೆ ಮುಂದಿನ ಬಸ್ಸು ಸಿಕ್ಕಿಕೊಳ್ಳುತ್ತದೆ. ಗ್ರಿಲ್ ಮುಗಿಯುವಲ್ಲಿ ಆ ಕಾರುಗಳೆಲ್ಲ ಮತ್ತೆ ಎಡಕ್ಕೆ ನುಗ್ಗಬೇಕು. ದೆಹಲಿಯಲ್ಲಿ 2008ರಲ್ಲಿ ಶುರುವಾದ 5.8 ಕಿಲೋಮೀಟರಿನ ಬಿಆರ್‌ಟಿ (ಚಿಗರಿಯ ಹಾಗೆ ಬಸ್ಸಿಗೆಂದೇ ಬೇರೆ ಪಥ) ರಸ್ತೆಯ ನಡುವೆಯೇ ಇತ್ತು. ಆದರೆ ಎಲ್ಲ ಬಗೆಯ ಬಸ್ಸನ್ನೂ ಒಳಗೆ ಬಿಟ್ಟು, ಸ್ಟಾಪುಗಳನ್ನು ಸಿಗ್ನಲ್ಲಿನ ಬುಡದಲ್ಲೇ ಇಟ್ಟಿದ್ದರಿಂದ ಬಸ್ಸಿನ ಹಿಂದೆ ಬಸ್ಸು ಸಾಲುಗಟ್ಟಿತು. 2016ರಲ್ಲಿ ಅದನ್ನು ಒಡೆದು ತೆಗೆದರು.

ಬೆಂಗಳೂರಿನ ಹೊರವರ್ತುಲ ರಸ್ತೆಯದು ಇನ್ನೊಂದು ಪಾಠ. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿಲೋಮೀಟರ್ ಬಸ್ಸಿನ ಆದ್ಯತಾ ಪಥ ಹಾಕಿದರು. ಅಲ್ಲಿ ಅದು ರಸ್ತೆಯ ಎಡ ಅಂಚಿನಲ್ಲಿತ್ತು, ಬೇಲಿಯ ಬದಲು ಬೊಲ್ಲಾರ್ಡುಗಳಿದ್ದವು, ಅಂದರೆ ನೆಲಕ್ಕೆ ನೆಟ್ಟ ಗಿಡ್ಡ ಕಂಬಗಳು. ಕೆಲಸ ಬೇಗ ಆಯಿತು, ಖರ್ಚೂ ಕಡಿಮೆ. ಆದರೆ ಎಡ ಅಂಚು ಅಂದರೆ ಟೆಕ್ ಪಾರ್ಕಿನ ಗೇಟು, ಸರ್ವಿಸ್ ರೋಡಿಗೆ ಇಳಿಯುವವರು, ಹತ್ತುವವರು, ಕ್ಯಾಬು ಕಾಯುವವರು ಎಲ್ಲ ಇರುವ ಜಾಗ. ಅವರೆಲ್ಲರಿಗಾಗಿ ಸಾಲನ್ನು ಅಲ್ಲಲ್ಲಿ ಕತ್ತರಿಸಲೇಬೇಕು. ಕತ್ತರಿಸಿದ ಪ್ರತಿ ಕಡೆ ಕಾರು ಒಳಗೆ ಬರುತ್ತದೆ, ಬೊಲ್ಲಾರ್ಡು ಮುರಿಯುತ್ತದೆ. ಮೆಟ್ರೋ ಕಾಮಗಾರಿ ಬಂದಮೇಲೆ ಆ ಪಥವೇ ಉಳಿಯಲಿಲ್ಲ. ಕಾರಿಗೆಂದೇ ಬೆಳೆದ ಹೊರವಲಯದ ರಸ್ತೆಯಲ್ಲಿ ಮುಂದೆ ಮತ್ತೆ ಯಾರಾದರೂ ಇದನ್ನು ಮಾಡಿದರೆ ಬಣ್ಣ ಬಳಿಯುವ ಮುಂಚೆ ಎಡಗಡೆಯ ಗೇಟುಗಳನ್ನು ಎಣಿಸಲಿ.

ನಡುಪಥಕ್ಕೂ ಅದರದೇ ಸುಂಕವಿದೆ, ಅದನ್ನು ಕಟ್ಟುವವರು ನಡೆಯುವವರು. ನಿಲ್ದಾಣ ಮುಟ್ಟಬೇಕಾದರೆ ವೇಗವಾಗಿ ಬರುವ ಎರಡು ಸಾಲು ದಾಟಬೇಕು, ಅಂದರೆ ಸುಮಾರು ಏಳು ಮೀಟರ್. ಗಟ್ಟಿಯಾಗಿ ನಡೆಯುವವರಿಗೆ ಆರು ಸೆಕೆಂಡು, ಮೊಣಕಾಲು ನೋವಿನ ಅಜ್ಜಿಗೆ ಒಂಬತ್ತು. ಸಿಗ್ನಲ್ ಇಲ್ಲದ ಕಡೆ, ಗಂಟೆಗೆ 50ರಲ್ಲಿ ಬರುವ ಬೈಕು ಆ ಒಂಬತ್ತು ಸೆಕೆಂಡಿನಲ್ಲಿ 125 ಮೀಟರ್ ಸರಿದಿರುತ್ತದೆ. ಅಜ್ಜಿ ಹೆಜ್ಜೆ ಇಡುವಾಗ ಅದು ಕಣ್ಣಿಗೇ ಬಿದ್ದಿರುವುದಿಲ್ಲ. ಗ್ರಿಲ್ ಇರುವುದರಿಂದ ವಾಹನಗಳಿಗೆ ಯು-ಟರ್ನ್ ದೂರವಾಗಿದೆ, ಅದಕ್ಕೆ ಬೈಕಿನವರು ಅಂಗಡಿ ಸಾಲಿನಲ್ಲಿ ಎದುರು ದಿಕ್ಕಿಗೆ ಬರುತ್ತಾರೆ. ದಾಟುವಾಗ ಎರಡೂ ಕಡೆ ನೋಡಿ, ಒನ್‌ವೇ ಅಂತ ನಂಬಬೇಡಿ.

ಮಳೆಗಾಲಕ್ಕೆ ಬೇರೆಯೇ ಅಂಕ ಕೊಡಬೇಕು. ಧಾರವಾಡದ ಟೋಲ್ ನಾಕಾ ಹತ್ತಿರ ಜೋರು ಮಳೆಗೆ ನೀರು ನಿಲ್ಲುವುದು ಊರಿಗೆಲ್ಲ ಗೊತ್ತಿರುವ ಸಂಗತಿ, ಪತ್ರಿಕೆಗಳಿಗೆ ವರ್ಷಕ್ಕೊಮ್ಮೆ ಸಿಗುವ ಫೋಟೋ. ತಗ್ಗು ಜಾಗದಲ್ಲಿ ರಸ್ತೆ ಅಗಲವಾದಷ್ಟೂ ನೀರು ಇಂಗುವ ಮಣ್ಣು ಕಡಿಮೆಯಾಗಿ ಎಲ್ಲವೂ ಗಟಾರಕ್ಕೇ ಬರುತ್ತದೆ, ಗಟಾರದ ಬಾಯಿ ಪ್ಲಾಸ್ಟಿಕ್ಕಿನಿಂದ ಕಟ್ಟಿದರೆ ಬಸ್ಸಿನ ಪಥವೇ ಕಾಲುವೆ. ಜೂನ್–ಜುಲೈ ಸಂಜೆ ಕೋರ್ಟು, ಪರೀಕ್ಷೆ, ರೈಲು ಅಂತ ಹೊರಟವರು 20 ನಿಮಿಷ ಮುಂಚೆಯೇ ಬಿಡಿ.

ಕಾರಿನವರು ಎಷ್ಟು ಮಂದಿ ಬಸ್ಸಿಗೆ ಬಂದರು ಅನ್ನುವ ಪ್ರಶ್ನೆಯೇ ನಮ್ಮಲ್ಲಿ ಸ್ವಲ್ಪ ದಾರಿ ತಪ್ಪಿದ್ದು. ಚಿಗರಿಯ ನಿಜವಾದ ಎದುರಾಳಿ ಬೈಕು. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿಗೆ ಈ ದಾರಿಗೆ ಅರ್ಧ ಲೀಟರೂ ಬೇಡ, ಇಬ್ಬರು ಕೂತರೆ ಎರಡು ಟಿಕೆಟ್ಟಿಗಿಂತ ಅಗ್ಗ, ಮನೆ ಬಾಗಿಲಿಗೇ ಇಳಿಸುತ್ತದೆ. ಇನ್ನೊಂದು ಕಡೆ 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆ ಎ.ಸಿ. ಬಸ್ಸಿಗೆ ಅನ್ವಯಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಪಕ್ಕದ ರಸ್ತೆಯಲ್ಲಿ ಬರುವ ಕೆಂಪು ಬಸ್ಸು ಪುಕ್ಕಟೆ, ನಡುಪಥದ ತಂಪು ಬಸ್ಸಿಗೆ ದುಡ್ಡು. ದಿನಾ ಹೋಗಿಬರುವವರು ಯಾವುದನ್ನು ಹಿಡಿಯುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ಜನರನ್ನು ಪಥದಿಂದ ಆಚೆ ತಳ್ಳಿ, ಆಮೇಲೆ ಪಥ ಖಾಲಿ ಅಂತ ದೂರುವ ವಿಚಿತ್ರ ನಮ್ಮದು.

ದಿನಾ ಬಳಸುವವರಿಗೆ ಒಂದು ಚಿಕ್ಕ ಉಪಾಯ. ಬೆಳಗ್ಗೆ ಬಹಳ ಹೊತ್ತು ಬಸ್ಸೇ ಬರಲಿಲ್ಲ, ಕೊನೆಗೆ ಬಂದದ್ದು ತುಂಬಿ ತುಳುಕುತ್ತಿದೆ ಅಂದರೆ ಅದನ್ನು ಬಿಟ್ಟುಬಿಡಿ. ತಡವಾದ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಹೆಚ್ಚು ಜನ ಕಾದಿರುತ್ತಾರೆ, ಅದಕ್ಕೇ ಅದು ಇನ್ನೂ ತಡವಾಗುತ್ತಾ ಹೋಗುತ್ತದೆ. ಹಿಂದಿನದಕ್ಕೆ ಜನವೇ ಉಳಿದಿರುವುದಿಲ್ಲ, ಓಡೋಡಿ ಬಂದು ಇದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ಒಂದೆರಡು ನಿಮಿಷ ತಡೆದರೆ ಬಲಗಡೆ ಕಿಟಕಿಯ ಸೀಟೇ ಸಿಗಬಹುದು. ಧಾರವಾಡಕ್ಕೆ ಹೊರಟ ಸಂಜೆಗಳಲ್ಲಿ ಮಾತ್ರ ಎಡಗಡೆ ಕಿಟಕಿ ಬೇಡ: ಬಿಸಿಲು ಮುಂದಿನ ಎಡ ಮಗ್ಗುಲಿಂದ ಬಂದು ಮುಖಕ್ಕೇ ಹೊಡೆಯುತ್ತದೆ. ನಡುಸಾಲಿನಲ್ಲಿ ನಿಂತರೂ ಪರವಾಗಿಲ್ಲ, ಎ.ಸಿ.ಯ ಗಾಳಿ ತಲೆ ಮೇಲೆಯೇ ಬೀಳುತ್ತದೆ.